ಲಿವರ್ ಹಾಕಿದ್ರೂ ಮುಂದಿನ ಗಾಲಿ ಎಳೀತಿರ್ಲಿಲ್ಲ

ಹೋದ ವರ್ಷ ಆರಿದ್ರ ಮಳೆ ಹಿಡ್ಕೊಂಡ ವಾರ ನಮ್ಮ ತೋಟದಲ್ಲಿ ಟ್ರ್ಯಾಕ್ಟರ್ ಹೂತ್ಕೊಳ್ತು. ಹೂತ್ಕೊಳ್ಳೋದೇನು ದೊಡ್ಡ ಸುದ್ದಿ ಅಲ್ಲ ಬಿಡಿ, ಚನ್ನಗಿರಿ ಕಡೆ ಅಡಿಕೆ ತೋಟ ಇಟ್ಕೊಂಡೋರಿಗೆ ಮಳೆಗಾಲದಲ್ಲಿ ಅದು ಇದ್ದಿದ್ದೇ, ಬಸಿಗಾಲುವೆ ಪಕ್ಕ ಒಂದು ಗೇಣು ಓರೆ ಹೋದ್ರೂ ಹಿಂದಿನ ಗಾಲಿ ಕುಂತುಬಿಡುತ್ತೆ. ಆವಾಗ ಫೋರ್ ವೀಲ್ ಲಿವರ್ (ಮುಂದಿನ ಗಾಲಿಗೂ ಎಂಜಿನ್ ಶಕ್ತಿ ಜೋಡ್ಸೋದು) ಹಾಕಿ ಲೋ ಫಸ್ಟಲ್ಲಿ ಮೆಲ್ಲಗೆ ಕ್ಲಚ್ ಬಿಟ್ರೆ ಎದ್ದು ಬರುತ್ತೆ, ಅದಕ್ಕೇ ಅಲ್ವಾ ಅಷ್ಟು ದುಡ್ಡು ಜಾಸ್ತಿ ಕೊಟ್ಟು ಫೋರ್ ವೀಲ್ ತಗೊಂಡಿದ್ದು. ಅವತ್ತು ಲಿವರ್ ಹಾಕ್ದೆ, ಕ್ಲಚ್ ಬಿಟ್ಟೆ, ಹಿಂದಿನ ಗಾಲಿ ಗರಗರ ತಿರುಗಿ ಇನ್ನೂ ಕೆಳಗೆ ಹೋಯ್ತು. ಲಿವರ್ ತೆಗ್ದು ಮತ್ತೆ ಹಾಕ್ದೆ. ಮತ್ತೂ ಒಂದು ಚೋಟು ಕೆಳಗೆ.

ನನ್ನ ತಮ್ಮ ಛತ್ರಿ ಹಿಡ್ಕೊಂಡು ಪಕ್ಕದಲ್ಲಿ ನಿಂತಿದ್ದ, ಅವನೇ ಮೊದಲು ಕಂಡಿದ್ದು. "ಅಣ್ಣ, ಮುಂದಿನ ಗಾಲಿ ಸುಮ್ನೆ ಕುಂತಾವೆ ನೋಡು" ಅಂದ. ಇಳಿದು ನೋಡಿದ್ರೆ ಹೌದು, ಎರಡೂ ಮುಂದಿನ ಟೈರಿನ ಎದುರಿಗೆ ಕೆಸರು ಗುಡ್ಡೆ ಬಿದ್ದಿತ್ತು, ಹಿಂದಿನ ಗಾಲಿ ತಳ್ಳಿದಾಗ ಮುಂದಿನ ಗಾಲಿ ತಿರುಗದೆ ಜಾರಿ ಹೋಗಿ ಮಣ್ಣು ತಳ್ಕೊಂಡಿರೋ ಗುರುತು ಅದು. ಎಂಜಿನಿಂದ ತಿರುಗೋ ಗಾಲಿ ಕೆಸರನ್ನ ಹಿಂದಕ್ಕೆ ಎಸೀಬೇಕು, ಮುಂದೆ ಗುಡ್ಡೆ ಹಾಕ್ಬಾರ್ದು. ಇದೊಂದು ನೆನಪಿಟ್ಕೊಳ್ಳಿ, ಫೋರ್ ವೀಲ್ ಕೆಲಸ ಮಾಡ್ತಿದೆಯಾ ಇಲ್ವಾ ಅನ್ನೋಕೆ ಇದಕ್ಕಿಂತ ಸುಲಭದ ಸಾಕ್ಷಿ ಇಲ್ಲ, ಜಾಕೂ ಬೇಡ ಪಾನರೂ ಬೇಡ, ಒಬ್ರು ಓಡಿಸ್ಬೇಕು ಇನ್ನೊಬ್ರು ದೂರ ನಿಂತು ಮುಂದಿನ ಗಾಲಿ ನೋಡ್ಬೇಕು ಅಷ್ಟೆ.

ನಮ್ಮದು 24 ಎಚ್‌ಪಿ ಸಣ್ಣ ಟ್ರ್ಯಾಕ್ಟರ್. ಯಾವ ಕಂಪನಿ ಅಂತ ಕೇಳ್ಬೇಡಿ, ಗಾಡಿದು ತಪ್ಪಿರ್ಲಿಲ್ಲ, ತಪ್ಪು ನಂದು, ಅದು ಮುಂದೆ ಗೊತ್ತಾಗುತ್ತೆ. ಅಡಿಕೆ ಸಾಲಿನ ಮಧ್ಯೆ ದೊಡ್ಡ ಗಾಡಿ ತಿರುಗಲ್ಲ, ಬುಡಕ್ಕೆ ತಾಗಿಸಿ ಸಿಪ್ಪೆ ಎಬ್ಬಿಸಿಬಿಡುತ್ತೆ, ಹಂಗಾಗಿ ನಮ್ಮ ಕಡೆ ಈಗ ಎಲ್ಲಾ ತೋಟದಲ್ಲೂ ಈ ಚಿಕ್ಕ ಗಾಡಿಗಳೇ. ರೋಟಾವೇಟರ್ ಹೊಡೀತೀವಿ, ಔಷಧಿ ಡ್ರಮ್ ಎಳೀತೀವಿ, ಬೇಸಿಗೆಯಲ್ಲಿ ಕೆರೆ ಗೋಡು (ಹೂಳು ಮಣ್ಣು) ಹೊಡೀತೀವಿ.

ಇರ್ಲಿ. ಮಾರನೇ ದಿನ ಪಕ್ಕದ ತೋಟದವರ ದೊಡ್ಡ ಗಾಡಿ ತಂದು ಎಳ್ಸಿ, ದಾವಣಗೆರೆಗೆ ಹೋದಾಗ ಒಂದು ಸರ್ವೀಸ್ ಸೆಂಟರಲ್ಲಿ ಕೇಳ್ದೆ. ಅಲ್ಲಿ ಕುಂತಿದ್ದ ಹುಡುಗ ಗಾಡಿ ನೋಡಿಲ್ಲ, ಒಂದು ಪ್ರಶ್ನೆ ಕೇಳಿಲ್ಲ, "ಫ್ರಂಟ್ ಆಕ್ಸಲ್ ಹೋಗಿರುತ್ತೆ ಸಾರ್, ಕ್ರೌನ್ ಪಿನಿಯನ್ ಸೆಟ್ ಹಾಕ್ಬೇಕು, ಲೇಬರ್ ಸೇರಿ ನಲವತ್ತೈದು ಸಾವಿರ ಇಟ್ಕೊಳ್ಳಿ" ಅಂದ. ಬೆಣ್ಣೆ ದೋಸೆ ತಿಂದು ಬರೋಣ ಅಂತ ಹೋದವನಿಗೆ ದೋಸೆ ಗಂಟಲಲ್ಲಿ ಇಳೀಲಿಲ್ಲ. ಅಡಿಕೆ ಕೊಯ್ಲು ಶುರುವಾಗೋಕೆ ಇನ್ನೂ ಟೈಮಿತ್ತು, ಕೈಯಲ್ಲಿ ಕಾಸಿಲ್ದೇ ಇರೋ ತಿಂಗಳು ಅದು.

ಊರಿಗೆ ಬಂದು ನಮ್ಮ ಟ್ರ್ಯಾಕ್ಟರ್ ಮೇಸ್ತ್ರಿಗೆ ಫೋನ್ ಮಾಡ್ದೆ. ಸಂತೇಬೆನ್ನೂರು ರೋಡಲ್ಲಿ ಒಂದು ತಗಡಿನ ಶೆಡ್ಡು ಅವರದ್ದು, ವಯಸ್ಸು ಅರವತ್ತರ ಮೇಲೆ, ಬಾಯಲ್ಲಿ ಯಾವಾಗ್ಲೂ ಎಲೆ ಅಡಿಕೆ. ಅವರು ಕೇಳಿದ ಮೊದಲನೇ ಮಾತು "ಲಿವರ್ ಹಾಕಿದಾಗ ಸ್ಟೇರಿಂಗ್ ಬಿಗಿ ಬರ್ತೈತೇನ್ರಿ?" ಅಂತ.

ಆ ಪ್ರಶ್ನೆ ಕೇಳಿ ನನಗೆ ನಾಚಿಕೆ ಆಯ್ತು, ಯಾಕಂದ್ರೆ ಅದಕ್ಕೂ ಒಂದು ತಿಂಗಳ ಹಿಂದೆ ನಾನೇ ತಮ್ಮನ ಹತ್ರ "ಯಾಕೋ ಸ್ಟೇರಿಂಗ್ ಹಗುರ ಆಗೈತಲ್ಲೋ, ಗ್ರೀಸ್ ಹೊಡ್ದಿದ್ದು ಒಳ್ಳೇದಾಯ್ತು" ಅಂತ ಹೇಳಿ ಖುಷಿಪಟ್ಟಿದ್ದೆ. ಫೋರ್ ವೀಲಲ್ಲಿ ಗಟ್ಟಿ ನೆಲದ ಮೇಲೆ ತಿರುಗ್ಸಿದ್ರೆ ಮುಂದಿನ ಗಾಲಿ ಉಜ್ಕೊಂಡು, ಸ್ಟೇರಿಂಗ್ ಸ್ವಲ್ಪ ಜಗ್ಗಬೇಕು, ಅದು ಸಹಜ. ಜಗ್ಗೋದು ನಿಂತುಹೋಯ್ತು ಅಂದ್ರೆ ಮುಂದಕ್ಕೆ ಶಕ್ತಿ ಹೋಗೋದೇ ನಿಂತಿದೆ ಅಂತ ಅರ್ಥ. ಅಂದ್ರೆ ಒಂದು ತಿಂಗಳಿಂದ ನಾನು ಟೂ ವೀಲಲ್ಲೇ ಕೆಲಸ ಮಾಡ್ತಾ ಫೋರ್ ವೀಲ್ ಅಂತ ಅಂದ್ಕೊಂಡಿದ್ದೆ, ಒಣ ನೆಲದಲ್ಲಿ ಏನೂ ವ್ಯತ್ಯಾಸ ಗೊತ್ತಾಗ್ಲಿಲ್ಲ. ನಮ್ಮ ಗಾಡಿಯಲ್ಲಿ ಫೋರ್ ವೀಲಿಗೆ ಡ್ಯಾಶ್‌ಬೋರ್ಡಲ್ಲಿ ಲೈಟೂ ಇಲ್ಲ, ಇದ್ದಿದ್ರೂ ಅದು ಲಿವರ್ ಹಾಕಿದ್ದನ್ನ ಹೇಳುತ್ತೇ ಹೊರತು ಗಾಲಿ ತಿರುಗಿದ್ದನ್ನಲ್ಲ.

ಮೇಸ್ತ್ರಿ ಬರೋದ್ರೊಳಗೆ ಈ ಫೋರ್ ವೀಲ್ ಹೆಂಗೆ ಕೆಲಸ ಮಾಡುತ್ತೆ ಅಂತ ಒಂದು ಸಲ ಹೇಳಿಬಿಡ್ತೀನಿ, ಗೊತ್ತಿರೋರು ಮುಂದೆ ಹೋಗಿ. ಗೇರ್‌ಬಾಕ್ಸಿಂದ ಹಿಂದಿನ ಗಾಲಿಗೆ ಹೋಗೋ ಶಾಫ್ಟಿಂದಲೇ ಒಂದು ಗೇರ್ ಕವಲು ಹೊಡೆದು ಕೆಳಗಡೆಯಿಂದ ಮುಂದಕ್ಕೆ ಬರುತ್ತೆ. ನೀವು ಲಿವರ್ ಹಾಕಿದಾಗ ಒಳಗೆ ಒಂದು ಫೋರ್ಕು ಗೇರನ್ನ ಜರುಗಿಸಿ ಜೋಡ್ಸುತ್ತೆ. ಅಲ್ಲಿಂದ ಗಾಡಿ ಹೊಟ್ಟೆ ಕೆಳಗೆ ಒಂದು ಪೈಪಿನೊಳಗೆ ಉದ್ದಕ್ಕೆ ಶಾಫ್ಟ್ ಹೋಗಿದೆ, ಶಾಫ್ಟಿನ ಎರಡೂ ತುದಿಯಲ್ಲಿ ಒಳಗೆ ಹಲ್ಲಿರೋ ಕಪ್ಲಿಂಗ್, ಅದು ಜರುಗದಂಗೆ ಅಡ್ಡಕ್ಕೆ ಒಂದು ಸ್ಪ್ರಿಂಗ್ ಪಿನ್. ಆಮೇಲೆ ಮುಂದಿನ ಹೌಸಿಂಗಲ್ಲಿ ಕ್ರೌನ್ ಪಿನಿಯನ್ (ಉದ್ದಕ್ಕೆ ಬಂದ ಶಕ್ತಿನ ಅಡ್ಡಕ್ಕೆ ತಿರುಗ್ಸೋ ಗೇರ್ ಜೋಡಿ), ಡಿಫ್ರೆನ್ಶಿಯಲ್ (ಎರಡು ಗಾಲಿ ಬೇರೆ ಬೇರೆ ವೇಗದಲ್ಲಿ ತಿರುಗೋಕೆ ಬಿಡೋ ಗೇರು), ಎರಡೂ ಪಕ್ಕ ಬೆವೆಲ್ ಗೇರು, ಗಾಲಿ. ಅಂದ್ರೆ ಲಿವರಿಂದ ಗಾಲಿವರೆಗೆ ಐದಾರು ಕೊಂಡಿ, ಯಾವುದು ಕಳಚಿದ್ರೂ ಹೊರಗಿಂದ ಕಾಣೋದು ಒಂದೇ, ಮುಂದಿನ ಗಾಲಿ ಎಳೆಯಲ್ಲ. ಇದರಲ್ಲಿ ಆಕ್ಸಲ್ ಅನ್ನೋದು ಕೊನೇ ಕೊಂಡಿ, ಬಿಚ್ಚೋಕೆ ಎಲ್ಲಕ್ಕಿಂತ ದುಬಾರಿ. ಆ ಹುಡುಗ ಕೊನೇದರಿಂದ ಶುರು ಮಾಡಿದ್ದ.

ಮೇಸ್ತ್ರಿ ಬೈಕಲ್ಲಿ ಬಂದ್ರು, ಬಂದವರೇ ಕೆಳಗೆ ಮಲಗಿ ಫುಟ್‌ಬೋರ್ಡ್ ಅಡಿಗೆ ಟಾರ್ಚ್ ಬಿಟ್ರು, ನನಗೆ ಲಿವರ್ ಹಾಕು ತೆಗಿ ಹಾಕು ತೆಗಿ ಅಂತ ಹತ್ತು ಸಲ ಮಾಡ್ಸಿದ್ರು. ಲಿವರಿಗೂ ಗೇರ್‌ಬಾಕ್ಸಿಗೂ ಮಧ್ಯೆ ಒಂದು ಸರಳು ಇದೆ, ಅದರ ತುದಿ ಪಿನ್ ಸವೆದ್ರೆ, ಇಲ್ಲಾ ಕಾಟರ್ ಪಿನ್ ಬಿದ್ದುಹೋದ್ರೆ, ಮೇಲೆ ಲಿವರ್ ಚೆನ್ನಾಗಿ ಬೀಳುತ್ತೆ, ಒಳಗೆ ಗೇರ್ ಅರ್ಧಕ್ಕೇ ನಿಂತಿರುತ್ತೆ. ಅರ್ಧ ಕೂತ ಗೇರು ಲೋಡ್ ಬಿದ್ದ ತಕ್ಷಣ ಟಕ್ ಅಂತ ಹಾರ್ಕೊಳ್ಳುತ್ತೆ. ನಮ್ಮದರಲ್ಲಿ ಸರಳಿನ ಸುತ್ತ ಹಳೇ ಸೋಗೆ ನಾರು, ಒಣಗಿದ ಕೆಸರು ಸಿಮೆಂಟಿನಂಗೆ ಹಿಡ್ಕೊಂಡಿತ್ತು, ಸ್ಕ್ರೂಡ್ರೈವರಲ್ಲಿ ಕೆತ್ತಿ ತೆಗೆದ್ರು. ತೆಗೆದ ಮೇಲೆ ಲಿವರ್ ಇನ್ನೂ ಅರ್ಧ ಇಂಚು ಮುಂದಕ್ಕೆ ಹೋಯ್ತು! ನನ್ನ ತಮ್ಮ "ಅಯ್ಯೋ ಇಷ್ಟೇನಾ" ಅಂತ ಗಾಡಿ ಹತ್ತೋಕೆ ಹೋದ. ಮೇಸ್ತ್ರಿ "ತಡಿಯಪಾ, ಇದು ಒಂದು ತಿಂಗಳ ಕೆಸರಲ್ಲ, ಎರಡು ವರ್ಷದ್ದು. ಕೆಟ್ಟಿದ್ದು ತಿಂಗಳ ಹಿಂದೆ ಅಲ್ವಾ" ಅಂದ್ರು. ಇಂಥ ಮಾತಿಗೇ ನಾನು ಅವರ ಹತ್ರ ಹೋಗೋದು.

ಆಮೇಲೆ ಜಾಕ್. ಹಿಂದಿನ ಗಾಲಿ ಎರಡಕ್ಕೂ ಹಿಂದೆ ಮುಂದೆ ಕಲ್ಲು ಕೊಟ್ಟು, ಮುಂದಿನ ಆಕ್ಸಲ್ ಮಧ್ಯಕ್ಕೆ ಜಾಕ್ ಹಾಕಿ ಎರಡೂ ಗಾಲಿ ನೆಲ ಬಿಡೋ ಹಂಗೆ ಎತ್ತಿ, ಎರಡೂ ಪಕ್ಕ ಜಾಲಿ ದಿಮ್ಮಿ ಇಟ್ವಿ. ಬರೀ ಜಾಕ್ ನಂಬ್ಕೊಂಡು ಕೆಳಗೆ ಹೋಗ್ಬೇಡಿ, ಮುಂದಿನ ಆಕ್ಸಲ್ ಮಧ್ಯದ ಪಿನ್ ಮೇಲೆ ತೂಗೋ ಥರ ಇರುತ್ತೆ, ಗಾಡಿ ಒಂದು ಕಡೆಗೆ ವಾಲುತ್ತೆ. ಇಲ್ಲೇ ನನ್ನ ತಮ್ಮ ಒಂದು ಅನಾಹುತ ಮಾಡೋನಿದ್ದ. "ಸ್ಟಾರ್ಟ್ ಮಾಡಿ ಗೇರಿಗೆ ಹಾಕಿ ನೋಡೋಣ, ಮುಂದಿನ ಗಾಲಿ ತಿರುಗ್ತಾವಾ ಅಂತ" ಅಂತ ಕೀ ಮೇಲೆ ಕೈ ಇಟ್ಟಿದ್ದ. ಮೇಸ್ತ್ರಿ ಬೈದ ಬೈಗುಳ ಇಲ್ಲಿ ಬರೆಯೋಕಾಗಲ್ಲ. ಹಿಂದಿನ ಗಾಲಿ ನೆಲದ ಮೇಲಿದೆ, ಗೇರ್ ಹಾಕಿದ್ರೆ ಅದು ತಳ್ಳೇ ತಳ್ಳುತ್ತೆ, ಗಾಡಿ ಜಾಕಿಂದ ಹಾರಿ ಮುಂದೆ ನಿಂತೋರ ಮೇಲೆ ಬರುತ್ತೆ. ಮುಂದೆ ನಿಂತಿದ್ದು ನಾನು. ಕೀ ತೆಗೆದು ಜೇಬಿಗೆ ಹಾಕ್ಕೊಂಡೆ. ಈ ಪರೀಕ್ಷೆ ಪೂರ್ತಿ ಎಂಜಿನ್ ಆಫ್ ಇಟ್ಕೊಂಡೇ ಮಾಡೋದು, ಕೈಯಲ್ಲಿ.

ಹೆಂಗೆ ಅಂದ್ರೆ, ಫೋರ್ ವೀಲ್ ಲಿವರ್ ಹಾಕಿ. ಹಿಂದಿನ ಗಾಲಿ ನೆಲದ ಮೇಲೆ ಕಲ್ಲು ಕೊಟ್ಕೊಂಡು ಕುಂತಿರೋದ್ರಿಂದ ಅದಕ್ಕೆ ಜೋಡ್ಕೊಂಡಿರೋ ಮುಂದಿನ ಶಾಫ್ಟೂ ತಿರುಗ್ಬಾರ್ದು. ಈಗ ಒಬ್ರೇ ಒಂದು ಮುಂದಿನ ಗಾಲಿ ಮುಂದಕ್ಕೆ ತಿರುಗ್ಸಿ, ಡಿಫ್ರೆನ್ಶಿಯಲ್ ಇರೋದ್ರಿಂದ ಇನ್ನೊಂದು ಗಾಲಿ ಹಿಂದಕ್ಕೆ ತಿರುಗ್ಬೇಕು. ನಮ್ಮದರಲ್ಲಿ ತಿರುಗ್ತು. ಎಷ್ಟೋ ಜನ ಇದನ್ನ ನೋಡಿ ಎಲ್ಲಾ ಸರಿ ಇದೆ ಅಂತ ಬಿಟ್ಬಿಡ್ತಾರಂತೆ, ಆದ್ರೆ ನಿಜವಾದ ಪರೀಕ್ಷೆ ಮುಂದಿದೆ. ಇಬ್ರು ಎರಡೂ ಪಕ್ಕ ನಿಂತು, ಎರಡೂ ಗಾಲಿನ ಒಟ್ಟಿಗೆ ಒಂದೇ ಕಡೆಗೆ ತಿರುಗ್ಸಿ. ಸರಿ ಇರೋ ಗಾಡಿಯಲ್ಲಿ ಒಂದು ಚೂರು ಆಟ ಆಡಿ ಗಟ್ಟಿಯಾಗಿ ನಿಲ್ಬೇಕು, ಎಷ್ಟು ಜಗ್ಗಿದ್ರೂ ಬರಬಾರ್ದು. ನಾನು ಎಡಗಡೆ, ತಮ್ಮ ಬಲಗಡೆ, ಒಂದು ಎರಡು ಮೂರು ಅಂತ ಜಗ್ಗಿದ್ವಿ, ರಾಟೆ ತಿರುಗ್ದಂಗೆ ಎರಡೂ ಸಲೀಸಾಗಿ ತಿರುಗ್ತು, ಒಳಗಿಂದ ಸಣ್ಣಗೆ ಕರಕರ ಅಂತ ಸದ್ದು ಬೇರೆ.

ಅಂದ್ರೆ ಎಲ್ಲೋ ಕೊಂಡಿ ಕಡಿದಿದೆ. ಎಲ್ಲಿ ಅಂತ ಹುಡುಕೋದು ಇನ್ನೂ ಸುಲಭ. ಹೊಟ್ಟೆ ಕೆಳಗಿನ ಪೈಪಿನ ಕ್ಲಿಪ್ ಬಿಚ್ಚಿ, ಪೈಪ್ ಸ್ವಲ್ಪ ಜರುಗಿಸಿದ್ರೆ ಶಾಫ್ಟ್ ಕಾಣುತ್ತೆ. ಮತ್ತೆ ಇಬ್ರು ಗಾಲಿ ತಿರುಗ್ಸಿ, ಮೂರನೇಯವರು ಶಾಫ್ಟ್ ನೋಡ್ಬೇಕು. ಗಾಲಿ ತಿರುಗ್ತಾ ಇದ್ದು ಶಾಫ್ಟ್ ತಿರುಗ್ದೇ ಇದ್ರೆ, ಮುಂದಿನ ತುದಿಯ ಕಪ್ಲಿಂಗೂ ಸರಿ ಇದ್ರೆ, ಆಕ್ಸಲ್ ಒಳಗೇ ಕ್ರೌನ್ ಪಿನಿಯನ್ ಹಲ್ಲು ಹೋಗಿದೆ, ಅವಾಗ ಆ ನಲವತ್ತೈದು ಸಾವಿರದ ಮಾತು ನಿಜ. ಶಾಫ್ಟೂ ತಿರುಗಿ, ಅದರ ಜೊತೆ ಗೇರ್‌ಬಾಕ್ಸಿಂದ ಹೊರಗೆ ಬಂದಿರೋ ಮೊಳೆಯೂ (ಹಲ್ಲಿರೋ ಗಿಡ್ಡ ಶಾಫ್ಟ್ ತುದಿ) ತಿರುಗಿದ್ರೆ, ತಪ್ಪು ಗೇರ್‌ಬಾಕ್ಸ್ ಕಡೆ, ಫೋರ್ಕೋ ಲಿವರಿನ ಸರಳೋ ನೋಡ್ಬೇಕು. ಶಾಫ್ಟ್ ತಿರುಗಿ ಗೇರ್‌ಬಾಕ್ಸಿನ ಮೊಳೆ ನಿಂತಿದ್ರೆ ಇವೆರಡರ ಮಧ್ಯದ ಕಪ್ಲಿಂಗ್. ಇನ್ನೊಂದು ಥರ ಇದೆ, ಒಂದು ಗಾಲಿ ತಿರುಗ್ಸಿದಾಗ ಇನ್ನೊಂದು ಹಿಂದಕ್ಕೆ ತಿರುಗ್ದೇ ಸುಮ್ನೆ ಇದ್ದು, ಶಾಫ್ಟೂ ನಿಂತಿದ್ರೆ, ಯಾವುದೋ ಒಂದು ಪಕ್ಕದ ಒಳ ಶಾಫ್ಟು ಅಥವಾ ಬೆವೆಲ್ ಗೇರ್ ಮುರಿದಿದೆ. ಅರ್ಧ ಗಂಟೆ ಕೆಲಸ ಇದು. ಒಂದು ನಟ್ಟೂ ಆಕ್ಸಲಿಂದ ಬಿಚ್ಚಿಲ್ಲ, ಆಯಿಲ್ ಒಂದು ತೊಟ್ಟೂ ಚೆಲ್ಲಿಲ್ಲ.

ನಮ್ಮದು ಕಪ್ಲಿಂಗ್. ಮೇಸ್ತ್ರಿ ಪೈಪ್ ಜರುಗಿಸಿ ಬೆರಳು ಹಾಕಿ ಗ್ರೀಸ್ ಒರೆಸಿದ್ರು, ನನ್ನನ್ನೂ ಕರೆದು ಟಾರ್ಚ್ ಹಿಡಿಸಿದ್ರು. ಸ್ಪ್ರಿಂಗ್ ಪಿನ್ ಎರಡು ತುಂಡಾಗಿ ಒಂದು ತುಂಡು ಪೈಪಿನೊಳಗೇ ಬಿದ್ದಿತ್ತು. ಪಿನ್ ಇಲ್ದೇ ಕಪ್ಲಿಂಗ್ ಶಾಫ್ಟಿನ ಮೇಲೆ ಮುಂದಕ್ಕೆ ಜರುಗಿ ಜರುಗಿ ಗೇರ್‌ಬಾಕ್ಸಿನ ಮೊಳೆಗೆ ಬೆರಳುಗುರಿನಷ್ಟು ಮಾತ್ರ ತಾಗ್ಕೊಂಡಿತ್ತು, ಆ ತುದಿಯ ಹಲ್ಲುಗಳು ತಿಂದುಹೋಗಿ, ಮುದುಕರ ಹಲ್ಲಿನಂಗೆ ಒಂದು ಇದೆ ಒಂದು ಇಲ್ಲ. ಗ್ರೀಸಲ್ಲಿ ಬೆಳ್ಳಿ ಪುಡಿ ಥರ ಮಿಣಮಿಣ. ಆ ಕರಕರ ಸದ್ದು ಇಲ್ಲಿಂದಲೇ. ಮೊಳೆಯ ಹಲ್ಲು ಮಾತ್ರ ಪುಣ್ಯಕ್ಕೆ ಚೆನ್ನಾಗಿತ್ತು.

"ಹೊಸ ಕಪ್ಲಿಂಗ್ ತರ್ಬೇಕಾ?" ಅಂದೆ. ಮೇಸ್ತ್ರಿ ಯೋಚ್ನೆ ಮಾಡಿ, ಕಪ್ಲಿಂಗಿನ ಒಳಗೆ ಮುಕ್ಕಾಲು ಹಲ್ಲು ಇನ್ನೂ ಇದೆ, ಹಿಂದಕ್ಕೆ ಜರುಗಿಸಿ ಹೊಸ ಪಿನ್ ಹೊಡೆದ್ರೆ ನಡೆಯುತ್ತೆ, ಮಳೆ ಬಿಟ್ಟ ಮೇಲೆ ನೋಡೋಣ ಅಂದ್ರು. ಹೊಸ ಪಿನ್ ಇಪ್ಪತ್ತು ರೂಪಾಯಿ. ಅವರ ಕೂಲಿ ಐನೂರು ಕೊಟ್ಟೆ, ಮುನ್ನೂರು ಸಾಕು ಅಂತ ಇನ್ನೂರು ವಾಪಸ್ ಕೊಟ್ರು. ಆವತ್ತು ಸಂಜೆ ನಾನು ಊರಲ್ಲಿ ಸಿಕ್ಕಸಿಕ್ಕೋರಿಗೆಲ್ಲ ನಲವತ್ತೈದು ಸಾವಿರದ ಕೆಲಸ ಇಪ್ಪತ್ತು ರೂಪಾಯಲ್ಲಿ ಮುಗೀತು ಅಂತ ಹೇಳ್ಕೊಂಡು ಮಂಡಕ್ಕಿ ಮಿರ್ಚಿ ತಿನ್ನಿಸಿದ್ದೇ ತಿನ್ನಿಸಿದ್ದು.

ಹದಿನಾರನೇ ದಿನಕ್ಕೆ ಮತ್ತೆ ಹೋಯ್ತು.

ಈ ಸಲ ಪಿನ್ ಜೊತೆ ಕಪ್ಲಿಂಗ್ ಹಲ್ಲೂ ಪೂರ್ತಿ ನುಣ್ಣಗೆ, ಉಂಗುರದ ಥರ ಸುಮ್ನೆ ಸುತ್ತುತ್ತಿತ್ತು. ಮೇಸ್ತ್ರಿಗೆ ಮುಖ ಸಪ್ಪಗಾಯ್ತು, ನನಗಿಂತ ಅವರಿಗೇ ಜಾಸ್ತಿ ಅವಮಾನ ಆದಂಗಿತ್ತು. ಸ್ವಲ್ಪ ಹೊತ್ತು ಗಾಡಿ ಸುತ್ತ ಒಂದು ರೌಂಡ್ ಹಾಕಿ ಹಿಂದಿನ ಟೈರ್ ಮೇಲೆ ಕೈ ಇಟ್ಟು ನಿಂತ್ರು. "ಇವು ಯಾವಾಗ ಹಾಕ್ಸಿದ್ರಿ?"

ಹಿಂದಿನ ಟೈರ್ ಎರಡೂ ಫೆಬ್ರವರಿಯಲ್ಲಿ ಹೊಸದು ಹಾಕ್ಸಿದ್ದೆ, ಹಳೇದು ಸೀಳಿತ್ತು. ಅದೇ ಸೈಜು ಆದ್ರೆ ಬೇರೆ ಕಂಪನಿದು, ಕಟ್ಟೆ (ಟೈರ್ ಮೇಲೆ ಉಬ್ಬಿರೋ ರಬ್ಬರ್ ಪಟ್ಟಿ) ಎತ್ತರ ಇದ್ವು, ಚೆನ್ನಾಗಿ ಹಿಡೀತಾವೆ ಅಂತ ಅಂಗಡಿಯವರು ಹೇಳಿದ್ರು. ಮುಂದಿನ ಟೈರ್ ಇನ್ನೊಂದು ವರ್ಷ ಬರುತ್ತೆ ಅಂತ ಹಂಗೇ ಬಿಟ್ಟಿದ್ದೆ, ಕಟ್ಟೆ ಬೆರಳ ಗಾತ್ರವೂ ಉಳ್ದಿರ್ಲಿಲ್ಲ. ಮಾರ್ಚ್ ಏಪ್ರಿಲಲ್ಲಿ ಕೆರೆ ಗೋಡು ಹೊಡೆದ್ವಿ, ಕೆರೆಯಿಂದ ತೋಟಕ್ಕೆ 3 ಕಿ.ಮೀ. ಟಾರ್ ರೋಡು, ಕೆರೆ ಏರಿ ಹತ್ತುವಾಗ ಫೋರ್ ವೀಲ್ ಹಾಕಿದ್ದು ರೋಡಲ್ಲೂ ತೆಗೀತಿರ್ಲಿಲ್ಲ, ಯಾರು ಪದೇ ಪದೇ ಹಾಕಿ ತೆಗೆದು ಮಾಡ್ತಾರೆ ಅಂತ. ಇಷ್ಟು ಹೇಳೋ ಹೊತ್ತಿಗೆ ಮೇಸ್ತ್ರಿ ತಲೆ ಮೇಲೆ ಕೈ ಇಟ್ಕೊಂಡಿದ್ರು.

"ಲಿವರ್ ತೆಗೆಯೋವಾಗ ಬಿಗಿ ಬರ್ತಿತ್ತಾ?" ಅಂದ್ರು. ಬರ್ತಿತ್ತು. ಎಷ್ಟು ಅಂದ್ರೆ ಕಾಲಲ್ಲಿ ಒದ್ದು ತೆಗೀತಿದ್ದೆ, ಒಂದೊಂದು ಸಲ ಗಾಡಿ ಸ್ವಲ್ಪ ಹಿಂದಕ್ಕೆ ತಗೊಂಡ್ರೆ ಟಕ್ ಅಂತ ಸದ್ದಾಗಿ ತಾನೇ ಬಿಡ್ತಿತ್ತು. ಗೇರ್ ಹೊಸದು ಬಿಗಿ ಇರುತ್ತೆ ಅಂದ್ಕೊಂಡಿದ್ದೆ, ಮೂರು ವರ್ಷದ ಗಾಡಿಗೆ!

ಇಲ್ಲಿ ವಿಷಯ ಏನಂದ್ರೆ, ಮುಂದಿನ ಗಾಲಿ ಚಿಕ್ಕದು ಹಿಂದಿನದು ದೊಡ್ಡದು, ಹಿಂದಿನದು ಒಂದು ಸುತ್ತು ಬಂದ್ರೆ ಮುಂದಿನದು ಒಂದೂವರೆ ಸುತ್ತು ಬರ್ಬೇಕು, ಕಂಪನಿಯವರು ಆ ಲೆಕ್ಕಕ್ಕೆ ಸರಿಯಾಗಿ ಗೇರ್ ಹಲ್ಲು ಕೊಟ್ಟಿರ್ತಾರೆ. ಬರೀ ಸಮ ಅಲ್ಲ, ಮುಂದಿನ ಗಾಲಿ ನೂರಕ್ಕೆ ಒಂದರಿಂದ ಐದರಷ್ಟು ಜೋರಾಗಿ ಹೋಗೋ ಹಂಗೆ ಇಟ್ಟಿರ್ತಾರೆ, ಅದಕ್ಕೆ ಲೀಡ್ ಅಂತಾರೆ. ಅಂದ್ರೆ ಮುಂದಿನದು ಎಳ್ಕೊಂಡು ಹೋಗ್ಬೇಕು, ಹಿಂದಿನದು ತಳ್ಬೇಕು. ನಾನು ಹಿಂದೆ ದೊಡ್ಡದು ಹಾಕಿ ಮುಂದೆ ಸವೆದಿದ್ದು ಬಿಟ್ಟಾಗ ಈ ಲೆಕ್ಕ ಉಲ್ಟಾ ಆಯ್ತು. ಮುಂದಿನ ಗಾಲಿ ಬ್ರೇಕ್ ಹಾಕ್ದಂಗೆ ತಡೀತಿದೆ, ಹಿಂದಿನದು ದಬ್ಬುತ್ತಿದೆ, ಮಧ್ಯೆ ಶಾಫ್ಟು ಬಟ್ಟೆ ಹಿಂಡಿದಂಗೆ ತಿರುಚ್ಕೊಳ್ಳುತ್ತೆ. ಕೆಸರಲ್ಲಿ, ಸಡಿಲ ಮಣ್ಣಲ್ಲಿ ಟೈರ್ ಒಂಚೂರು ಜಾರಿ ಆ ತಿರುಚು ಬಿಟ್ಕೊಳ್ಳುತ್ತೆ. ಟಾರ್ ರೋಡಲ್ಲಿ, ಅದೂ ಟ್ರಾಲಿ ತುಂಬ ಗೋಡು ಇದ್ದಾಗ, ಎಲ್ಲಿ ಜಾರುತ್ತೆ? ಆ ಬಿಗೀನೇ ಲಿವರ್ ತೆಗೆಯೋಕೆ ಬಿಡ್ತಿರ್ಲಿಲ್ಲ, ಹಿಂದಕ್ಕೆ ತಗೊಂಡಾಗ ಬಿಚ್ಕೊಂಡು ಟಕ್ ಅಂತಿದ್ದಿದ್ದೂ ಅದೇ. ಅಳತೆ ಸರಿ ಇರೋ ಗಾಡಿಯನ್ನೂ ಟಾರಲ್ಲಿ ಫೋರ್ ವೀಲ್ ಓಡಿಸ್ಬಾರ್ದು, ನನ್ನಂಥದ್ದಂತೂ ಕೇಳಲೇಬೇಡಿ.

ಮೇಸ್ತ್ರಿ ಹೇಳಿದ್ದು ನಂಬಿದ್ರೂ ನನಗೆ ಲೆಕ್ಕ ಹಾಕಿ ನೋಡ್ಬೇಕು ಅನ್ನಿಸ್ತು. ಹೊಸ ಕಪ್ಲಿಂಗ್ ತರ್ಸಿ ಹಾಕಿದ ಮೇಲೆ, ಮಗಳ ಸ್ಕೂಲ್ ಬ್ಯಾಗಿಂದ ಸೀಮೆಸುಣ್ಣ ತಗೊಂಡು ಎಡಗಡೆ ಹಿಂದಿನ ಟೈರಿಗೊಂದು ಮುಂದಿನ ಟೈರಿಗೊಂದು ಗೀಟು ಹಾಕ್ದೆ, ಎರಡೂ ನೆಲದ ಕಡೆಗೆ ನೇರ ಇರೋ ಹಂಗೆ. ಉತ್ತು ಬಿಟ್ಟಿದ್ದ ಮೆತ್ತನೆ ನೆಲದಲ್ಲಿ, ಲಿವರ್ ತೆಗೆದು, ಸ್ಟೇರಿಂಗ್ ನೇರ ಹಿಡ್ದು ನಿಧಾನಕ್ಕೆ ಹೋಗೋದು, ತಮ್ಮ ಹಿಂದಿನ ಗಾಲಿ ಎಣಿಸ್ತಾನೆ, ಪಕ್ಕದ ಮನೆ ಹುಡುಗ ಮುಂದಿನ ಗಾಲಿ. ಹಿಂದಿನದು ಸರಿಯಾಗಿ 10 ಸುತ್ತು ಬಂದಾಗ ಮುಂದಿನದು ಹದಿನೈದು ಮುಕ್ಕಾಲು. ಮತ್ತೆ ಅದೇ ನೆಲದಲ್ಲಿ ಲಿವರ್ ಹಾಕ್ಕೊಂಡು 10 ಸುತ್ತು, ಈ ಸಲ ಮುಂದಿನದು ಹದಿನೈದು ಕಾಲು. ಹುಡುಗ ತಪ್ಪು ಎಣಿಸಿದ್ದಾನೆ ಅಂತ ಇನ್ನೆರಡು ಸಲ ಮಾಡ್ಸಿದ್ವಿ, ಅಷ್ಟೇ ಬಂತು.

ಲಿವರ್ ಹಾಕಿದಾಗಿನ ಸುತ್ತು ಜಾಸ್ತಿ ಇರ್ಬೇಕು, ನಮ್ಮದು ಕಮ್ಮಿ. 15.25ರಲ್ಲಿ 15.75 ಕಳೆದು, 15.75ರಿಂದ ಭಾಗಿಸಿ ನೂರರಿಂದ ಗುಣಿಸಿದ್ರೆ ಮೈನಸ್ 3.2. ಅಂದ್ರೆ 100 ಮೀಟರ್ ಹೋದ್ರೆ ಮುಂದಿನ ಟೈರ್ ಮೂರು ಮೀಟರ್ ಚಿಲ್ಲರೆ ತಿರುಗ್ದೇ ಉಜ್ಕೊಂಡು ಬರ್ತಿದೆ. 3 ಕಿ.ಮೀ. ರೋಡಿಗೆ ಹತ್ರ ಹತ್ರ 95 ಮೀಟರ್, ಪ್ರತಿ ಟ್ರಿಪ್ಪಿಗೂ. ದಿನಕ್ಕೆ ಎಂಟು ಹತ್ತು ಟ್ರಿಪ್ ಹೊಡೆದಿದ್ದೀವಿ. ಇಪ್ಪತ್ತು ರೂಪಾಯಿ ಪಿನ್ ಅಷ್ಟು ದಿನ ತಡ್ಕೊಂಡಿದ್ದೇ ದೊಡ್ಡದು. ಅದು ಮುರೀದೇ ಇದ್ದಿದ್ರೆ ಒಳಗಿನ ಕ್ರೌನ್ ಪಿನಿಯನ್ ಹೋಗ್ತಿತ್ತು, ಆ ಸರ್ವೀಸ್ ಸೆಂಟರ್ ಹುಡುಗನ ಮಾತು ನಿಜ ಆಗ್ತಿತ್ತು.

ಇದರ ಮಧ್ಯೆ ಇನ್ನೊಂದು ಕಂಡಿದ್ದು ಹೇಳ್ಬೇಕು. ಮುಂದಿನ ಆಕ್ಸಲ್ ಆಯಿಲ್ ನೋಡೇಬಿಡೋಣ ಅಂತ ರಾತ್ರಿ ಗಾಡಿ ನಿಲ್ಲಿಸಿ ಬೆಳಿಗ್ಗೆ ಸ್ಟಾರ್ಟ್ ಮಾಡೋಕೆ ಮುಂಚೆ ಕೆಳಗಿನ ಡ್ರೈನ್ ಬೋಲ್ಟ್ ಸಡಿಲ ಮಾಡಿದ್ವಿ, ಮೊದಲು ಅರ್ಧ ಲೋಟ ಬರೀ ನೀರು ಬಂತು, ಆಮೇಲೆ ಮಜ್ಜಿಗೆ ಬಣ್ಣದ ಆಯಿಲ್. ನೀರು ಭಾರ, ರಾತ್ರಿ ಪೂರ್ತಿ ತಳಕ್ಕೆ ಇಳಿದಿರುತ್ತೆ, ಅದಕ್ಕೇ ಬೆಳಿಗ್ಗೆ ನೋಡೋದು. ಹಿಂದಿನ ವರ್ಷ ಭದ್ರಾ ನಾಲೆ ಕೆಳಗೆ ಮಾವನ ಗದ್ದೆಯಲ್ಲಿ ಕೆಸರು ಹೊಡೆಯೋಕೆ ನಾಲ್ಕು ದಿನ ಕೊಟ್ಟಿದ್ದೆ, ಗಾಲಿ ಗುಂಬದವರೆಗೆ ನೀರಲ್ಲಿ ಮುಳುಗಿ ಓಡಿತ್ತು, ಸೀಲ್ ಸಂದಿಯಿಂದ ನೀರು ಒಳಗೆ ಹೋಗಿರೋದು ಅವಾಗ್ಲೇ. ಮಾವನಿಗೆ ಹೇಳಿಲ್ಲ, ಹೇಳಿದ್ರೆ ಮುಂದಿನ ಸಲ ಕೇಳೋಕೆ ಸಂಕೋಚ ಪಡ್ತಾರೆ. ಸೀಲ್ ಎರಡು ಬದಲಾಯ್ಸಿ ಹೊಸ ಆಯಿಲ್ ಹಾಕಿದ್ವಿ. ಬೋಲ್ಟಿನ ತುದಿಯಲ್ಲಿ ಸಣ್ಣ ಪುಡಿ ಇತ್ತು, ಹಲ್ಲಿನ ಚೂರು ಇರ್ಲಿಲ್ಲ. ಚೂರು ಸಿಕ್ಕಿದ್ರೆ ಮಾತ್ರ ಆಕ್ಸಲ್ ಬಿಚ್ಚೋ ಯೋಚ್ನೆ ಮಾಡಿ.

ಹೊಳಲ್ಕೆರೆ ಕಡೆ ನಮ್ಮ ಸ್ನೇಹಿತ ಒಬ್ಬನಿಗೂ ಇದೇ ಥರ ಮುಂದಿನ ಗಾಲಿ ಎಳೀತಿಲ್ಲ ಅನ್ನೋ ದೂರು. ಫೋನಲ್ಲಿ ಎರಡು ಗಾಲಿ ಒಟ್ಟಿಗೆ ತಿರುಗ್ಸೋ ಪರೀಕ್ಷೆ ಹೇಳ್ಕೊಟ್ಟೆ, ಅವನದ್ದು ಗಟ್ಟಿಯಾಗಿ ನಿಂತಿತು, ಫೋರ್ ವೀಲ್ ಏನೂ ಆಗಿರ್ಲಿಲ್ಲ. ಸಣ್ಣ ಗಾಡಿಗೆ ಭಾರದ ರೋಟಾವೇಟರ್ ಹಾಕ್ಕೊಂಡಿದ್ದ, ಅದನ್ನ ಎತ್ತಿದ ತಕ್ಷಣ ಮುಂದಿನ ಗಾಲಿ ನೆಲದ ಮೇಲೆ ಬರೀ ಕೂತ್ಕೊಂಡಂಗೆ ಇರ್ತಿತ್ತು, ಭಾರ ಇಲ್ಲದ ಗಾಲಿ ತಿರುಗಿದ್ರೂ ಏನು ಎಳೆಯುತ್ತೆ. ಮುಂದೆ ವೇಯ್ಟ್ ಹಾಕು ಅಂದೆ. ಅಷ್ಟಕ್ಕೇ ಮುಗೀತು, ನನ್ನ ಥರ ಮಂಡಕ್ಕಿ ಮಿರ್ಚಿ ಖರ್ಚೂ ಬರ್ಲಿಲ್ಲ ಅವನಿಗೆ.

ಮುಂದಿನ ಟೈರ್ ಎರಡು ಕೊನೆಗೂ ಶ್ರಾವಣದಲ್ಲಿ ಹಾಕ್ಸಿದೆ. ಅಲ್ಲಿವರೆಗೆ ಮೇಸ್ತ್ರಿ ಹೇಳ್ದಂಗೆ ಮುಂದೆ ಗಾಳಿ ಸ್ವಲ್ಪ ಜಾಸ್ತಿ, ಹಿಂದೆ ಸ್ವಲ್ಪ ಕಮ್ಮಿ ಇಟ್ಕೊಂಡು, ಕೆಸರು ಬಿಟ್ರೆ ಬೇರೆಲ್ಲೂ ಲಿವರ್ ಮುಟ್ಟದೆ ಕಾಲ ಹಾಕಿದ್ವಿ. ಹೊಸ ಟೈರ್ ಹಾಕಿದ ದಿನ ಸೀಮೆಸುಣ್ಣ ತಗೊಂಡು ಮತ್ತೆ ಎಣಿಸಿದ್ವಿ, ಲಿವರ್ ತೆಗೆದು ಹದಿನೈದು, ಹಾಕಿ ಹದಿನೈದು ಕಾಲು. ಪ್ಲಸ್ 1.7 ಅಷ್ಟೆ, ಹಿಂದಿನ ಟೈರ್ ಕಟ್ಟೆ ಎತ್ತರ ಇರೋದಕ್ಕೆ ಇದಕ್ಕಿಂತ ಜಾಸ್ತಿ ಬರಲ್ಲ ಅಂದ್ರು ಮೇಸ್ತ್ರಿ, ಹಿಂದಿನದು ಸವೀತಾ ಸವೀತಾ ಸರಿ ಹೋಗುತ್ತಂತೆ. ಲಿವರ್ ಈಗ ಎರಡು ಬೆರಳಲ್ಲಿ ಬರುತ್ತೆ. ಸ್ಟೇರಿಂಗ್ ಮತ್ತೆ ಬಿಗಿ ಆಗಿದೆ, ತಮ್ಮ ಪ್ರತಿ ಸಲ ಗೊಣಗ್ತಾನೆ, ನಾನು ಗೊಣಗಲ್ಲ.